ಚೆಕ್‌ರೋಲ್‌ನಲ್ಲಿ ಹೆಸರಿಲ್ಲದವರು

ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ನಾನು 22 ವರ್ಷ ರೈಟರ್ ಆಗಿದ್ದೆ. ಬಯಲುಸೀಮೆಯ ನೆಂಟರಿಗೆ ಇದನ್ನು ಹೇಳಿದರೆ ಕತೆ ಬರೆಯುವವನೆಂದು ಭಾವಿಸಿ ಒಂದು ಗಳಿಗೆ ಗೌರವದಿಂದ ನೋಡುತ್ತಾರೆ. ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಿಗೆ ಆ ಭ್ರಮೆ ಇರುವುದಿಲ್ಲ. ತೋಟದ ರೈಟರ್ ಎಂದರೆ ಬೆಳಗ್ಗೆ ಹಾಜರಿ ಹಿಡಿದು, ಯಾರು ಯಾವ ಕಡೆ ಏನು ಕೆಲಸ ಮಾಡಿದರು, ಕುಯ್ಲಿನ ದಿನಗಳಲ್ಲಿ ಯಾರು ಎಷ್ಟು ಕಿಲೋ ಹಣ್ಣು ತಂದು ಸುರಿದರು ಎಂಬುದನ್ನು ಚೆಕ್‌ರೋಲ್‌ನಲ್ಲಿ ಬರೆದಿಟ್ಟು, ವಾರದ ಬಟವಾಡೆಗೆ ಲೆಕ್ಕ ಕಟ್ಟಿಕೊಡುವವನು. ಹೆಸರು ಬಿಟ್ಟುಹೋದರೆ ಕೂಲಿ ಬಿಟ್ಟುಹೋಗುತ್ತದೆ. ಆದ್ದರಿಂದ ಯಾವ ಕೆಲಸವನ್ನು ಕಂಡರೂ ಇದನ್ನು ಮಾಡಿದವರು ಯಾರು, ಅವರ ಹೆಸರು ಎಲ್ಲಿದೆ ಎಂದು ಹುಡುಕುವುದು ನನಗೆ ಚಟವಾಗಿದೆ. ಈ ಬರಹ ಆ ಚಟದಿಂದ ಹುಟ್ಟಿದ್ದು.

ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುತ್ತಿರುವ ನನ್ನ ಅಣ್ಣನ ಮಗಳು ಒಂದು ದಿನ “ನಾನೂ ರೈಟರೇ ಚಿಕ್ಕಪ್ಪ” ಎಂದು ನಗುತ್ತ ತನ್ನ ಮೊಬೈಲನ್ನು ನನ್ನ ಕೈಗೆ ಕೊಟ್ಟಳು. ವಾಟ್‌ಪ್ಯಾಡ್ ಎಂಬ ಕತೆಗಳ ಜಾಲತಾಣದಲ್ಲಿ ಅವಳು ಕಂತುಕಂತಾಗಿ ಬರೆದ ಕತೆ ಅದರಲ್ಲಿತ್ತು. ನಾಯಕ, ಬಿಟಿಎಸ್ ಎಂಬ ಕೊರಿಯಾದ ಗಾಯಕರ ತಂಡದ ಹಿರಿಯ ಸದಸ್ಯ ಜಿನ್. 2022ರ ಡಿಸೆಂಬರ್‌ನಲ್ಲಿ ಆತ ತನ್ನ ದೇಶದ ಕಡ್ಡಾಯ ಸೇನಾಸೇವೆಗೆ ಹೋದಾಗ ಅಭಿಮಾನಿಗಳಿಗೆ ದಿಕ್ಕು ತೋಚದಂತಾಯಿತಂತೆ. ಹದಿನೆಂಟು ತಿಂಗಳ ಆ ಖಾಲಿಯನ್ನು ತುಂಬಲು ಇವಳು ಅವನನ್ನು ಸೇನೆಗೆ ಕಳುಹಿಸದೆ ಮುಳ್ಳಯ್ಯನಗಿರಿಯ ತಪ್ಪಲಿನ ಒಂದು ಹೋಂಸ್ಟೇಗೆ ಕರೆದುತಂದಿದ್ದಳು. ಅಲ್ಲಿ ಅವನು ಯಾರಿಗೂ ಗುರುತು ಸಿಗದಂತೆ ಅಕ್ಕಿರೊಟ್ಟಿ ತಿನ್ನುತ್ತಾನೆ, ಕಾಲಿಗೆ ಹತ್ತಿದ ಇಂಬಳ ಕಂಡು ಕಿರುಚುತ್ತಾನೆ, ಹೋಂಸ್ಟೇ ಮಾಲೀಕರ ಮಗಳೊಂದಿಗೆ ಜಗಳವಾಡುತ್ತಾನೆ, ಜಗಳ ಮುಂದೆ ಏನಾಗಬೇಕೋ ಅದಾಗುತ್ತದೆ. ಕತೆಯ ಹೆಸರನ್ನು ಕೇಳಿದ ನನ್ನ ತಾಯಿ, ಇದು ಶ್ರವಣಬೆಳಗೊಳದ ಜಿನನ ಕತೆಯೇ ಎಂದು ವಿಚಾರಿಸಿದರು. ಹೌದೆನ್ನಲೂ ಅಲ್ಲವೆನ್ನಲೂ ಯಾರಿಗೂ ಧೈರ್ಯ ಬರಲಿಲ್ಲ.

ಇಂಥ ಬರವಣಿಗೆಗೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಅಭಿಮಾನಿ ಕಥೆ ಎನ್ನೋಣ. ನಾನು ಅದನ್ನು ಓದಿದ್ದು ಮನೆಯ ಹುಡುಗಿ ಬರೆದಳೆಂಬ ಕಾರಣಕ್ಕೆ. ಓದುತ್ತ ಹೋದಂತೆ ಕತೆಗಿಂತ ಅದರ ಅಂಚಿನಲ್ಲಿದ್ದ ಮಾತುಗಳು ನನ್ನನ್ನು ಹಿಡಿದುವು. ವಾಟ್‌ಪ್ಯಾಡ್‌ನಲ್ಲಿ ಒಂದೊಂದು ಪ್ಯಾರಾದ ಪಕ್ಕದಲ್ಲೂ ಓದುಗರು ತಮ್ಮ ಅನಿಸಿಕೆಯನ್ನು ಬರೆಯಬಹುದು. ಏಳನೆಯ ಕಂತಿನಲ್ಲಿ ಇವಳು ಜುಲೈ ತಿಂಗಳ ಮಳೆಯಲ್ಲಿ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿತ್ತು ಎಂದು ಬರೆದಿದ್ದಳು. ಪಟ್ಟಣದಲ್ಲಿ ಬೆಳೆದ ಮಗು. ತೋಟದ ರೈಟರ್ ಚಿಕ್ಕಪ್ಪನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ತಿದ್ದಿದವಳು ಸಕಲೇಶಪುರದ ಕಡೆಯ ಒಬ್ಬ ಹುಡುಗಿ. “ಜುಲೈಯಲ್ಲಿ ಕಾಫಿ ಹೂ ಇರಲ್ಲ ಅಕ್ಕ, ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳತ್ತೆ, ನಮ್ಮನೆ ತೋಟ ಇದೆ, ನಂಗೊತ್ತು” ಎಂದು ಆಕೆ ಬರೆದಳು. ನಮ್ಮ ಲೇಖಕಿ ಇಡೀ ಕಂತನ್ನು ಏಪ್ರಿಲ್‌ಗೆ ಸಾಗಿಸಿದಳು. ಕಂತು ಏಪ್ರಿಲ್‌ಗೆ ಬಂದ ಮೇಲೆ ಅದರಲ್ಲಿ ಇಂಬಳ ಉಳಿಯುವಂತಿಲ್ಲವೆಂದು ಇನ್ನೊಬ್ಬರು ಎಚ್ಚರಿಸಿದಾಗ, ಎಲ್ಲರಿಗೂ ಪ್ರಿಯವಾಗಿದ್ದ ಆ ಕಿರುಚಾಟವನ್ನು ಕಿತ್ತು ಮಳೆಗಾಲದ ಬೇರೊಂದು ಕಂತಿಗೆ ನೆಟ್ಟಳು. ಕೊರಿಯಾದಲ್ಲಿ ಕಿರಿಯರು ಹಿರಿಯರನ್ನು ಹೇಗೆ ಕರೆಯುತ್ತಾರೆ, ಯಾರ ಮುಂದೆ ಎರಡು ಕೈಯಲ್ಲಿ ಲೋಟ ಹಿಡಿಯಬೇಕು ಎಂಬುದನ್ನೆಲ್ಲ ಹೇಳಿಕೊಟ್ಟವರು ಮತ್ತಿಬ್ಬರು. ಕತೆ ಮುಗಿಯುವ ಹೊತ್ತಿಗೆ ಅದರಲ್ಲಿ ಹತ್ತಾರು ಜನರ ಕೈ ಆಡಿತ್ತು. ಯಾರೂ ಯಾರಿಗೂ ದುಡ್ಡು ಕೊಟ್ಟಿರಲಿಲ್ಲ, ಯಾರಿಗೂ ಅದರ ಯೋಚನೆಯೂ ಬಂದಿರಲಿಲ್ಲ.

ಬಳಿಕ ಒಂದು ಕಂಪನಿಯಿಂದ ಅವಳಿಗೆ ಸಂದೇಶ ಬಂತು. ಕತೆ ಚೆನ್ನಾಗಿದೆ, ಅದನ್ನು ಹಣ ಕೊಟ್ಟು ಕೇಳುವ ಧ್ವನಿ ಧಾರಾವಾಹಿಯನ್ನಾಗಿ ಮಾಡುತ್ತೇವೆ, ಒಂದು ಮೊತ್ತ ಕೊಡುತ್ತೇವೆ, ಆದರೆ ಗಾಯಕನ ಹೆಸರು, ತಂಡದ ಹೆಸರು, ಹಾಡುಗಳ ಪ್ರಸ್ತಾಪ ಎಲ್ಲವನ್ನೂ ತೆಗೆಯಬೇಕು ಎಂಬುದು ಅದರ ಸಾರ. ನಾಯಕನಿಗೆ ಹೊಸ ಹೆಸರನ್ನೂ ಅವರೇ ಸೂಚಿಸಿದ್ದರು: ಜೀವನ್. ಇವಳು ಉತ್ಸಾಹದಿಂದ ಕಂಪ್ಯೂಟರಿನಲ್ಲಿ ‘ಜಿನ್’ ಎಂದಿರುವಲ್ಲೆಲ್ಲ ‘ಜೀವನ್’ ಎಂದು ಒಂದೇ ಏಟಿಗೆ ಬದಲಿಸಿದಳು. ಕತೆಯನ್ನು ನನಗೆ ಓದಿ ಹೇಳುವಾಗ ಕೈಮರದ ಬಳಿ ಜೀಪಿನ ‘ಇಂಜೀವನ್’ ಕೆಟ್ಟು ನಿಂತಿತು. ಮುಂದಿನ ಪುಟದಲ್ಲಿ ನಾಯಕಿ ತನ್ನ ನೋಟ್‌ಪುಸ್ತಕದ ‘ಮಾರ್ಜೀವನ್‌’ನಲ್ಲಿ ಅವನ ಚಿತ್ರ ಬಿಡಿಸಿದಳು. ನಾವಿಬ್ಬರೂ ನಕ್ಕೆವು. ಆದರೆ ನಗು ಮುಗಿದ ಮೇಲೆ ನನಗೊಂದು ಸಂದೇಹ ಉಳಿಯಿತು. ಲೋಕದಲ್ಲಿ ಅಷ್ಟೊಂದು ಹೆಸರುಗಳಿರುವಾಗ ಕಂಪನಿಯವರು ‘ಜ’ಕಾರದ ಹೆಸರನ್ನೇ ಏಕೆ ಆರಿಸಿದರು?

ಇದಕ್ಕೆ ಉತ್ತರ ಸಿಕ್ಕಿದ್ದು ಈ ವ್ಯಾಪಾರದ ಅತ್ಯಂತ ಪ್ರಸಿದ್ಧ ಉದಾಹರಣೆಯನ್ನು ಅವಳ ನೆರವಿನಿಂದ ಓದಿಕೊಂಡಾಗ. 2013ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿದ್ದ ಆನಾ ಟಾಡ್ ಎಂಬಾಕೆ, ಸೈನಿಕನೊಬ್ಬನ ಹೆಂಡತಿ, ‘ಆಫ್ಟರ್’ ಎಂಬ ಕತೆಯನ್ನು ಬಹುಪಾಲು ಫೋನಿನಲ್ಲೇ ಟೈಪ್ ಮಾಡುತ್ತ ವಾಟ್‌ಪ್ಯಾಡ್‌ಗೆ ಹಾಕತೊಡಗಿದರು. ಒನ್ ಡೈರೆಕ್ಷನ್ ಎಂಬ ಬ್ರಿಟಿಷ್ ಹುಡುಗರ ತಂಡದ ಹಾರಿ ಸ್ಟೈಲ್ಸ್ ಅದರಲ್ಲಿ ಗಾಯಕನಲ್ಲ, ಒರಟು ಸ್ವಭಾವದ ಕಾಲೇಜು ಹುಡುಗ. ಆ ಕತೆಯನ್ನು ತೆರೆದು ಓದಿದ ಲೆಕ್ಕ ಕ್ರಮೇಣ ನೂರು ಕೋಟಿಯನ್ನು ದಾಟಿತು. 2014ರ ಅಕ್ಟೋಬರ್‌ನಲ್ಲಿ ಸೈಮನ್ ಅಂಡ್ ಶುಸ್ಟರ್‌ನ ಗ್ಯಾಲರಿ ಬುಕ್ಸ್ ಅದನ್ನು ಮುದ್ರಿಸಿದಾಗ ಹಾರಿ ಸ್ಟೈಲ್ಸ್ ಹಾರ್ಡಿನ್ ಸ್ಕಾಟ್ ಆಗಿದ್ದ, ಅದೇ ತಂಡದ ಲಿಯಾಮ್ ಲ್ಯಾಂಡನ್ ಆಗಿದ್ದ, ಜೇನ್ ಜೆಡ್ ಆಗಿದ್ದ. 2019ರಲ್ಲಿ ಬಂದ ಸಿನಿಮಾಕ್ಕೆ ತಗುಲಿದ ವೆಚ್ಚ ಸುಮಾರು 1.4 ಕೋಟಿ ಡಾಲರ್. ಜಗತ್ತಿನಾದ್ಯಂತ ಅದು ಗಳಿಸಿದ್ದು ಸುಮಾರು 7 ಕೋಟಿ ಡಾಲರ್. 2023ರವರೆಗೆ ಅದೇ ಸರಣಿಯಲ್ಲಿ ಇನ್ನೂ ನಾಲ್ಕು ಚಿತ್ರಗಳು ಬಂದವು.

ಹಾರಿಗೆ ಹಾರ್ಡಿನ್, ಲಿಯಾಮ್‌ಗೆ ಲ್ಯಾಂಡನ್, ಜಿನ್‌ಗೆ ಜೀವನ್. ಹೆಸರನ್ನು ಅಳಿಸಬೇಕು, ಆದರೆ ಪೂರ್ತಿ ಅಳಿಯಬಾರದು. ಕೋರ್ಟಿನವರಿಗೆ ಗುರುತು ಸಿಗಬಾರದು, ಅಭಿಮಾನಿಗಳಿಗೆ ಗುರುತು ತಪ್ಪಬಾರದು. ಈ ವ್ಯಾಪಾರದ ಇಡೀ ಕಸುಬುಗಾರಿಕೆ ಆ ಮೊದಲಕ್ಷರದಲ್ಲಿ ಅಡಗಿದೆ ಎಂದು ನನಗೆ ತೋರುತ್ತದೆ. ‘ಟ್ವೈಲೈಟ್’ ಕಾದಂಬರಿಗಳ ಅಭಿಮಾನಿ ಕಥೆಯಾಗಿ ಹುಟ್ಟಿ, ಹೆಸರುಗಳನ್ನು ಬದಲಿಸಿಕೊಂಡು 2011ರಲ್ಲಿ ಮಾರುಕಟ್ಟೆಗೆ ಬಂದ ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಪ್ರಕಾಶಕರಿಗೆ ಈ ದಾರಿಯನ್ನು ಮೊದಲೇ ತೋರಿಸಿತ್ತು. ಆದರೆ ಅಲ್ಲಿ ಬದಲಾದದ್ದು ಕಲ್ಪಿತ ಪಾತ್ರಗಳ ಹೆಸರು. ಗಾಯಕರ ಕತೆಗಳಲ್ಲಿ ಆ ಹೆಸರಿನ ಹಿಂದೆ ಉಸಿರಾಡುವ ಮನುಷ್ಯನಿದ್ದಾನೆ.

ಬದುಕಿರುವವನನ್ನು ಕತೆಯೊಳಕ್ಕೆ ಎಳೆದುತರುವುದು ಹೊಸ ರೋಗವೆಂದು ಹೇಳುವವರು ನಮ್ಮಲ್ಲಿದ್ದಾರೆ. ಕನ್ನಡ ಸಾಹಿತ್ಯವನ್ನು ಶಾಲೆಯಲ್ಲಾದರೂ ಓದಿದವರು ಹಾಗೆ ಹೇಳಲಾರರು. ಹತ್ತನೆಯ ಶತಮಾನದ ಪಂಪ ‘ವಿಕ್ರಮಾರ್ಜುನ ವಿಜಯ’ದಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿ ಇಡೀ ಭಾರತವನ್ನು ಹೇಳಿದ, ರನ್ನ ‘ಗದಾಯುದ್ಧ’ದಲ್ಲಿ ಸತ್ಯಾಶ್ರಯನನ್ನು ಭೀಮನೊಂದಿಗೆ ಹಾಗೆಯೇ ಕೂಡಿಸಿದ. ಎಲ್ಲರಿಗೂ ಗೊತ್ತಿರುವ ಕತೆ, ಎಲ್ಲರಿಗೂ ಗೊತ್ತಿರುವ ಮನುಷ್ಯ, ಎರಡನ್ನೂ ಹೊಸೆದಾಗ ಹುಟ್ಟುವ ಮೂರನೆಯ ರುಚಿ: ನಮ್ಮ ಹುಡುಗಿ ಮಾಡಿದ್ದೂ ಅದೇ ಜಾತಿಯ ಕೆಲಸ ಎಂದರೆ ಪಂಡಿತರು ನನ್ನನ್ನು ಹೊಡೆಯಲು ಬಂದಾರು, ಬರಲಿ. ನನ್ನ ರೈಟರ್ ಕಣ್ಣಿಗೆ ಅಲ್ಲಿ ಕಾಣುವುದು ಬೇರೊಂದು ಸಂಗತಿ. ಪಂಪನಿಗೆ ಅರಿಕೇಸರಿ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟ. ಕೊಟ್ಟವನು ಯಾರು, ಪಡೆದವನು ಯಾರು, ಯಾತಕ್ಕಾಗಿ ಎಂಬ ಲೆಕ್ಕ ಅಲ್ಲಿ ನೇರವಾಗಿದೆ. ಕತೆಯಲ್ಲಿ ಬಂದ ಮನುಷ್ಯನೇ ಕತೆಗಾರನಿಗೆ ಸಂಬಳ ಕೊಟ್ಟಿದ್ದಾನೆ, ಹೆಸರನ್ನು ಮುಚ್ಚಿಡುವ ಪ್ರಶ್ನೆಯೇ ಇಲ್ಲ. ಈಗಿನ ವ್ಯಾಪಾರದಲ್ಲಿ ಆ ಇಬ್ಬರೂ ಪರಸ್ಪರ ಮುಖ ನೋಡುವುದಿಲ್ಲ. ನಡುವೆ ಕುಳಿತವನು ಮೂರನೆಯವನು.

ಆ ಮೂರನೆಯವನು ಕೊಳ್ಳುವುದು ಏನನ್ನು? ನಾನು ಮೊದಲು ಕತೆಯನ್ನು ಎಂದುಕೊಂಡಿದ್ದೆ. ಕತೆಗಳಿಗೆ ಬರವೇನೂ ಇಲ್ಲ. ಬರೆದು ಪೆಟ್ಟಿಗೆಯಲ್ಲಿಟ್ಟುಕೊಂಡವರು ನಮ್ಮ ಜಿಲ್ಲೆಯಲ್ಲೇ ನೂರಾರು ಮಂದಿ ಇದ್ದಾರೆ, ಅವರ ಮನೆ ಬಾಗಿಲಿಗೆ ಯಾವ ಕಂಪನಿಯೂ ಬಂದಿಲ್ಲ. ಕೊಳ್ಳುವುದು ಆಗಲೇ ನೆರೆದಿರುವ ಜನವನ್ನು. ಹೊಸ ಲೇಖಕನ ಹೊಸ ಪುಸ್ತಕವನ್ನು ಅಚ್ಚು ಹಾಕುವ ಪ್ರಕಾಶಕನಿಗೆ ಅದು ಮಾರಾಟವಾಗುತ್ತದೆಯೋ ಗೋದಾಮಿನಲ್ಲಿ ಗೆದ್ದಲು ತಿನ್ನುತ್ತದೆಯೋ ಎಂಬ ಭಯವಿರುತ್ತದೆ. ಅಭಿಮಾನಿ ಕಥೆಯಲ್ಲಿ ಆ ಭಯವನ್ನು ಓದುಗರು ಮೊದಲೇ ಹೊತ್ತುಬಿಟ್ಟಿರುತ್ತಾರೆ. ಎಷ್ಟು ಮಂದಿ ಓದಿದರು, ಯಾವ ಕಂತಿನಲ್ಲಿ ಓದು ನಿಲ್ಲಿಸಿದರು, ಯಾವ ವಾಕ್ಯದ ಪಕ್ಕದಲ್ಲಿ ಅತ್ತರು, ಎಲ್ಲಿ ನಕ್ಕರು, ಎಲ್ಲವೂ ಲೆಕ್ಕದಲ್ಲಿದೆ. ಇಂಥ ಲೆಕ್ಕವನ್ನು ಯಂತ್ರದಿಂದ ಓದಿಸಿ ಯಾವ ಕತೆ ಪುಸ್ತಕವಾಗಬಲ್ಲದು, ಯಾವುದು ಸಿನಿಮಾ ಆಗಬಲ್ಲದು ಎಂದು ಹೆಕ್ಕುವ ವ್ಯವಸ್ಥೆಯನ್ನು ವಾಟ್‌ಪ್ಯಾಡ್ ಬಹಿರಂಗವಾಗಿಯೇ ಹೇಳಿಕೊಂಡಿದೆ. 2006ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹುಟ್ಟಿದ ಆ ಸಂಸ್ಥೆಯನ್ನು 2021ರಲ್ಲಿ ಕೊರಿಯಾದ ನೇವರ್ ಕಂಪನಿ ಸುಮಾರು 60 ಕೋಟಿ ಡಾಲರ್ ಕೊಟ್ಟು ಕೊಂಡಿತು. ಒಂದು ರೂಪಾಯಿಯನ್ನೂ ಕೇಳದೆ ಬರೆದವರ, ಓದಿದವರ, ತಿದ್ದಿದವರ ಜಾಗಕ್ಕೆ ಅಷ್ಟು ಬೆಲೆ ಬಂದದ್ದು ಹೇಗೆ ಎಂದು ನನ್ನನ್ನು ಕೇಳಿದರೆ, ಬಂದದ್ದು ಅವರಿಂದಲೇ ಎನ್ನುತ್ತೇನೆ. ತೋಟದಲ್ಲಿ ಮರ ಬೇರೆ, ನೆಲ ಬೇರೆ, ಹಣ್ಣು ಕುಯ್ಯುವ ಕೈ ಬೇರೆ. ಇಲ್ಲಿ ನೆಲವೂ ಅವರೇ, ಕೈಯೂ ಅವರೇ.

ಕೊರಿಯಾದವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. 1996ರಲ್ಲಿ ಬಂದ ಎಚ್‌ಒಟಿ ಎಂಬ ತಂಡದ ಕಾಲದಿಂದ ಅಲ್ಲಿನ ಶಾಲಾ ಹುಡುಗಿಯರು ಗಾಯಕರ ಬಗ್ಗೆ ಕತೆ ಬರೆದು ಹಂಚಿಕೊಳ್ಳುತ್ತಿದ್ದರು. 2012ರ ‘ರಿಪ್ಲೈ 1997’ ಎಂಬ ಧಾರಾವಾಹಿಯ ನಾಯಕಿಗೆ ಕಾಲೇಜಿನಲ್ಲಿ ಸೀಟು ಸಿಗುವುದೇ ಅಂಥ ಕತೆ ಬರೆಯುವ ಕೌಶಲದಿಂದ. 2006ರಲ್ಲಿ ಎಸ್‌ಎಂ ಎಂಟರ್‌ಟೈನ್‌ಮೆಂಟ್ ಎಂಬ ದೊಡ್ಡ ಕಂಪನಿ ತನ್ನ ಟಿವಿಎಕ್ಸ್‌ಕ್ಯೂ ತಂಡದ ಬಗ್ಗೆ ಅಭಿಮಾನಿ ಕಥಾ ಸ್ಪರ್ಧೆಯನ್ನು ತಾನೇ ಏರ್ಪಡಿಸಿತು. ಕದ್ದುಮುಚ್ಚಿ ನಡೆಯುತ್ತಿದ್ದುದನ್ನು ಅಂಗಳಕ್ಕೆ ಕರೆದು ಬಹುಮಾನ ಕೊಡುವುದರಲ್ಲಿ ಉದಾರತೆ ಇಲ್ಲವೆನ್ನಲಾರೆ. ಆದರೆ ಅಂಗಳ ಕಂಪನಿಯದು, ಏನನ್ನು ಬರೆಯಬಹುದು ಎಂಬ ಗೆರೆಯೂ ಕಂಪನಿಯದು.

ಮುಂದಿನ ಹೆಜ್ಜೆ ಇನ್ನೂ ಚತುರವಾದದ್ದು. ಬಿಟಿಎಸ್‌ನ ಕಂಪನಿ ಏಳು ಹುಡುಗರ ಸುತ್ತ ಒಂದು ಕಲ್ಪಿತ ಲೋಕವನ್ನು ಹಾಡಿನ ವಿಡಿಯೋಗಳಲ್ಲಿ ಚೂರುಚೂರಾಗಿ ಬಿತ್ತಿತು. ಅವುಗಳ ಅರ್ಥವನ್ನು ಪೂರ್ತಿ ಹೇಳದೆ ಬಿಟ್ಟದ್ದರಿಂದ ಅಭಿಮಾನಿಗಳು ನಡುವಿನ ಖಾಲಿಯನ್ನು ತಾವೇ ತುಂಬಿಕೊಂಡರು. 2020ರ ಸೆಪ್ಟೆಂಬರ್‌ನಲ್ಲಿ ನೆಟ್‌ಮಾರ್ಬಲ್ ಹೊರತಂದ ‘ಬಿಟಿಎಸ್ ಯೂನಿವರ್ಸ್ ಸ್ಟೋರಿ’ ಎಂಬ ಮೊಬೈಲ್ ಆಟದಲ್ಲಿ ಆಟಗಾರರು ಆ ಏಳು ಪಾತ್ರಗಳನ್ನಿಟ್ಟುಕೊಂಡು ತಮ್ಮದೇ ಕತೆ ಕಟ್ಟಿ ಇತರರಿಗೆ ಹಂಚಬಹುದಿತ್ತು. ಅಂದರೆ ಅಭಿಮಾನಿ ಕಥೆ ಬರೆಯುವ ಕೆಲಸವೇ ಮಾರಾಟದ ಸರಕಾಯಿತು. ಬರೆಯುವವಳು ಆಳೂ ಹೌದು, ಗಿರಾಕಿಯೂ ಹೌದು. 2022ರ ಜನವರಿಯಲ್ಲಿ ‘7ಫೇಟ್ಸ್: ಚಾಖೋ’ ಎಂಬ ಕಾಮಿಕ್ಸ್ ಮಾದರಿಯ ಚಿತ್ರಕತೆ ಆರಂಭವಾಯಿತು. ಕೊರಿಯಾದ ಜೋಸನ್ ಅರಸರ ಕಾಲದ ಹುಲಿ ಬೇಟೆಗಾರರ ದಂತಕತೆಯನ್ನು ಆಧರಿಸಿ, ಬಿಟಿಎಸ್ ಹುಡುಗರ ಮುಖವಿರುವ ಏಳು ಬೇಟೆಗಾರರನ್ನು ಭವಿಷ್ಯದ ನಗರವೊಂದರಲ್ಲಿ ತಂದು ನಿಲ್ಲಿಸಿದ ಕತೆ ಅದು. ಪ್ರಕಟವಾದದ್ದು ನೇವರ್‌ನ ವೆಬ್‌ಟೂನ್‌ನಲ್ಲಿ ಹಾಗೂ ವಾಟ್‌ಪ್ಯಾಡ್‌ನಲ್ಲಿ. ಗಾಯಕರನ್ನು ಬೇರೊಂದು ಕಾಲಕ್ಕೋ ಊರಿಗೋ ಕೊಂಡೊಯ್ದು ಬೇರೆ ವೃತ್ತಿ ಕೊಡುವುದು ಅಭಿಮಾನಿ ಕಥೆಗಾರ್ತಿಯರ ಹಳೆಯ ಆಟ. ಅವರು ವರ್ಷಗಟ್ಟಲೆ ಆಡಿ ಯಾವುದು ರುಚಿಸುತ್ತದೆ ಎಂದು ತೋರಿಸಿಕೊಟ್ಟ ಮೇಲೆ, ಅದೇ ಆಟವನ್ನು ಅದೇ ಅಂಗಳದಲ್ಲಿ ಕಂಪನಿ ತನ್ನ ಮೊಹರು ಹಾಕಿ ಆಡಿತು. ಯಾರದೋ ಕತೆಯನ್ನು ಕದ್ದರೆಂದು ನಾನು ಹೇಳುತ್ತಿಲ್ಲ. ಕದಿಯುವ ಅಗತ್ಯವೇ ಬೀಳಲಿಲ್ಲ.

ಇಷ್ಟರಲ್ಲಿ ನಾವು ಆ ಗಾಯಕನನ್ನೇ ಮರೆತಿದ್ದೇವೆ. ವ್ಯಾಪಾರವೂ ಹಾಗೆಯೇ ಮರೆಯುತ್ತದೆ. ಒನ್ ಡೈರೆಕ್ಷನ್‌ನ ಹಾರಿ ಸ್ಟೈಲ್ಸ್ ಮತ್ತು ಲೂಯಿ ಟಾಮ್ಲಿನ್‌ಸನ್ ಪ್ರೇಮಿಗಳೆಂದು ಬರೆದ ಕತೆಗಳು ಅಸಂಖ್ಯ. ಆ ಮಾತುಗಳಿಂದ ತಮ್ಮಿಬ್ಬರ ಸ್ನೇಹದ ನಡುವೆ ಮುಜುಗರ ಬೆಳೆಯಿತೆಂದು ಟಾಮ್ಲಿನ್‌ಸನ್ ಹೇಳಿಕೊಂಡದ್ದೂ ಉಂಟು. ಹೀಗಿರುವಾಗ 2019ರಲ್ಲಿ ಎಚ್‌ಬಿಒ ವಾಹಿನಿಯ ‘ಯುಫೋರಿಯಾ’ ಧಾರಾವಾಹಿ, ಅಭಿಮಾನಿ ಕಥೆ ಬರೆಯುವ ಒಂದು ಪಾತ್ರದ ನೆಪದಲ್ಲಿ ಅವರಿಬ್ಬರ ಖಾಸಗಿ ದೃಶ್ಯವೊಂದನ್ನು ಅನಿಮೇಷನ್ ಮಾಡಿ ತೋರಿಸಿತು. ತನ್ನನ್ನು ಯಾರೂ ಸಂಪರ್ಕಿಸಿರಲಿಲ್ಲ, ತಾನು ಒಪ್ಪಿರಲೂ ಇಲ್ಲ ಎಂದು ಟಾಮ್ಲಿನ್‌ಸನ್ ಆಗಲೇ ತಿಳಿಸಿದರು. ಹದಿನಾರರ ಹುಡುಗಿ ರಾತ್ರಿ ಹೊದಿಕೆಯೊಳಗೆ ಟೈಪ್ ಮಾಡಿದ್ದಕ್ಕೂ, ನೂರಾರು ಜನರನ್ನಿಟ್ಟುಕೊಂಡ ವಾಹಿನಿ ಪ್ರಸಾರ ಮಾಡಿದ್ದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಸಣ್ಣ ಬಳಗದ ಗುಟ್ಟು. ಎರಡನೆಯದರಲ್ಲಿ ಆ ಗುಟ್ಟೇ ಬಂಡವಾಳ.

ಹುಡುಗಿಯರ ಬರಹವೆಲ್ಲ ನಿರ್ದೋಷವೆಂದೂ ನಾನು ಹೇಳಲಾರೆ. 2021ರ ಜನವರಿಯಲ್ಲಿ ಕೊರಿಯಾದ ಅಧ್ಯಕ್ಷರ ಕಚೇರಿಗೆ, ಗಾಯಕರನ್ನು ಲೈಂಗಿಕವಾಗಿ ಚಿತ್ರಿಸುವ ಇಂಥ ಕತೆಗಳನ್ನು ಬರೆಯುವವರನ್ನು ಶಿಕ್ಷಿಸಬೇಕೆಂಬ ಮನವಿ ಹೋಯಿತು, ಎರಡು ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಸಹಿ ಹಾಕಿದರು. ಆ ಗಾಯಕರಲ್ಲಿ ಕೆಲವರು ಹದಿನೆಂಟು ತುಂಬದವರು. ಅದನ್ನು ಓದಿದ ದಿನ ನಾನು ಅಣ್ಣನ ಮಗಳೊಂದಿಗೆ ಸ್ವಲ್ಪ ಗಟ್ಟಿಯಾಗಿಯೇ ಮಾತನಾಡಿದೆ. “ನನ್ನ ಕತೇಲಿ ಅವರು ಕೈ ಕೂಡ ಹಿಡಿಯೋದು ಹನ್ನೊಂದನೇ ಕಂತಲ್ಲಿ, ನೀವೇ ಓದಿದೀರಲ್ಲ ಚಿಕ್ಕಪ್ಪ” ಎಂದು ಅವಳು ನನ್ನ ಬಾಯಿ ಮುಚ್ಚಿಸಿದಳು. ಅದೂ ನಿಜವೇ.

ನಮ್ಮ ದೇಶದಲ್ಲೂ ಪ್ರಸಿದ್ಧರ ಹೆಸರು, ಮುಖ, ದನಿಗಳನ್ನು ಅವರ ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕೆ ಬಳಸದಂತೆ ಕೋರ್ಟುಗಳು ತಡೆ ಕೊಡುತ್ತಿವೆ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ನಟ ಅನಿಲ್ ಕಪೂರ್ ಅವರಿಗೆ ಅಂಥ ರಕ್ಷಣೆ ಕೊಟ್ಟಿತು. ಹೆಸರು ಬದಲಿಸಿ ಎಂದು ಕಂಪನಿ ನಮ್ಮ ಹುಡುಗಿಗೆ ಹೇಳಿದ್ದರ ಹಿಂದೆ ಈ ಭಯವೇ ಇದೆ. ಕಾನೂನು ಕಾಯುವುದು ಹೆಸರನ್ನು. ಆ ಹೆಸರಿನ ಆಸೆಯಿಂದ ಬಂದು ನೆರೆದ ಓದುಗರು ಹೆಸರು ಹೋದ ಮೇಲೂ ಉಳಿಯುತ್ತಾರೆ, ಕನಿಷ್ಠ ಮೊದಲಕ್ಷರವನ್ನು ಹಿಡಿದುಕೊಂಡಾದರೂ ಉಳಿಯುತ್ತಾರೆ ಎಂಬುದು ಕಂಪನಿಯ ಎಣಿಕೆ. ಪಲ್ಪರ್‌ಗೆ ಎಂದರೆ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಹಾಕಿದ ಕಾಫಿ ಹಣ್ಣಿನ ಸಿಪ್ಪೆ ಗುಂಡಿಗೆ ಹೋಗುತ್ತದೆ, ಬೀಜ ಕಣಕ್ಕೆ ಬರುತ್ತದೆ. ಸಿಪ್ಪೆ ಕೆಂಪಾಗದೆ ಬೀಜ ಬಲಿಯುವುದಿಲ್ಲವೆಂಬುದು ಆಗ ಯಾರ ನೆನಪಿಗೂ ಬರುವುದಿಲ್ಲ.

ಇದಕ್ಕೆ ಅಭಿಮಾನಿಗಳು ಸುಮ್ಮನೆ ತಲೆಬಾಗಿಲ್ಲ ಎಂಬುದನ್ನು ಹೇಳದಿದ್ದರೆ ಲೆಕ್ಕ ತಪ್ಪಾಗುತ್ತದೆ. 2007ರಲ್ಲಿ ಫ್ಯಾನ್‌ಲಿಬ್ ಎಂಬ ಕಂಪನಿ ಅಭಿಮಾನಿ ಕಥೆಗಳನ್ನೆಲ್ಲ ಒಂದೆಡೆ ಸೇರಿಸಿ ಅದರಿಂದ ಹಣ ಮಾಡಲು ಹೊರಟಾಗ, ಬರೆಯುವ ಹೆಂಗಸರೇ ಸೇರಿ ಲಾಭದ ಉದ್ದೇಶವಿಲ್ಲದ ಸಂಘವೊಂದನ್ನು ಕಟ್ಟಿಕೊಂಡರು. ಅವರು 2009ರಲ್ಲಿ ತೆರೆದ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಕಣಜ ಇಂದಿಗೂ ದೇಣಿಗೆಯಿಂದ ನಡೆಯುತ್ತಿದೆ. ಅಲ್ಲಿ ಜಾಹೀರಾತಿಲ್ಲ, ಕತೆ ಮಾರುವಂತಿಲ್ಲ. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥಾಸಾಹಿತ್ಯದ ಹ್ಯೂಗೊ ಪ್ರಶಸ್ತಿ ಬಂತು. ಅಮೆಜಾನ್ 2013ರಲ್ಲಿ ‘ಕಿಂಡಲ್ ವರ್ಲ್ಡ್ಸ್’ ಎಂಬ ಯೋಜನೆಯಲ್ಲಿ, ಪರವಾನಗಿ ಪಡೆದ ಕೆಲವು ಧಾರಾವಾಹಿ ಮತ್ತು ಪುಸ್ತಕಗಳ ಬಗ್ಗೆ ಮಾತ್ರ ಅಭಿಮಾನಿಗಳು ಬರೆದು ಮಾರಬಹುದು ಎಂದಿತು. ಹತ್ತು ಸಾವಿರ ಪದಕ್ಕಿಂತ ದೊಡ್ಡ ಬರಹಕ್ಕೆ ನಿವ್ವಳ ಆದಾಯದ ಶೇಕಡ 35ರಷ್ಟು, ಅದಕ್ಕಿಂತ ಚಿಕ್ಕದಕ್ಕೆ ಶೇಕಡ 20ರಷ್ಟು ಬರೆದವರ ಪಾಲು. ಆದರೆ ಬರೆದವರು ಹೊಸದಾಗಿ ಹುಟ್ಟಿಸಿದ ಪಾತ್ರವನ್ನು ಮೂಲ ಕತೆಯ ಒಡೆಯರು ಬೇರೆ ಹಣ ಕೊಡದೆ ಬಳಸಿಕೊಳ್ಳಬಹುದಿತ್ತು. 2018ರಲ್ಲಿ ಆ ಅಂಗಡಿ ಮುಚ್ಚಿತು. ನನಗೇನೂ ಆಶ್ಚರ್ಯವಾಗಲಿಲ್ಲ. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಕೂಲಿ ನಿಗದಿ ಮಾಡಿದರೆ, ಅಷ್ಟು ಕೂಲಿಗೆ ಅಷ್ಟು ಕೆಲಸ ಮಾಡಲು ಯಾರೂ ಬರುವುದಿಲ್ಲ.

ಹಾಗೆಂದು ಹಣ ತೆಗೆದುಕೊಳ್ಳಬೇಡ ಎಂದು ನಾನು ಅವಳಿಗೆ ಹೇಳಲಿಲ್ಲ. ಅಭಿಮಾನಕ್ಕೆ ಬೆಲೆ ಕಟ್ಟಬಾರದು ಎಂಬ ಮಾತು ಕೇಳಲು ಚೆಂದ, ಕನ್ನಡದಲ್ಲಿ ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನೇ ದೇವರೆಂದು ಕರೆದು ಕೈಮುಗಿದರು, ಅದು ಅವರ ದೊಡ್ಡತನ. ಆದರೆ ಬೆಲೆ ಕಟ್ಟಬಾರದೆಂಬ ಆ ಮಾತನ್ನು ಕಂಪನಿಗಳು ಹೇಳುವಾಗ ಬೆಲೆ ಆಗಲೇ ಅವರ ಖಾತೆಯಲ್ಲಿರುತ್ತದೆ. ಆದ್ದರಿಂದ ನಾನು ಕನ್ನಡಕ ಹಾಕಿಕೊಂಡು ಕರಾರುಪತ್ರವನ್ನು ಓದಲು ಕುಳಿತೆ. ಕತೆಯ ಎಲ್ಲ ಹಕ್ಕುಗಳು, ಶಾಶ್ವತವಾಗಿ, ಜಗತ್ತಿನಾದ್ಯಂತ, ಈಗಿರುವ ಮತ್ತು ಮುಂದೆ ಹುಟ್ಟಬಹುದಾದ ಎಲ್ಲ ಮಾಧ್ಯಮಗಳಲ್ಲಿ ಕಂಪನಿಗೆ ಸೇರತಕ್ಕದ್ದು. ಹಣ ಒಂದೇ ಸಲ. ತೋಟದ ಗುತ್ತಿಗೆಯ ಪತ್ರಗಳನ್ನು ಕಂಡವನಿಗೆ ‘ಶಾಶ್ವತವಾಗಿ’ ಎಂಬ ಪದ ಕಂಡೊಡನೆ ಬೆನ್ನು ನೆಟ್ಟಗಾಗುತ್ತದೆ. ಹಾಸನದಲ್ಲಿರುವ ನನ್ನ ಸ್ನೇಹಿತರಾದ ವಕೀಲರೊಬ್ಬರನ್ನು ವಿಚಾರಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕು ವರ್ಗಾವಣೆಯ ಪತ್ರದಲ್ಲಿ ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ, ಎಷ್ಟು ರಾಯಧನಕ್ಕೆ ಎಂಬುದು ಬರೆದಿರಬೇಕು. ಕಾಲವನ್ನು ಹೇಳದಿದ್ದರೆ ಐದು ವರ್ಷವೆಂದು, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದು ತಿಳಿಯಬೇಕು ಎಂದು ಅವರು ವಿವರಿಸಿದರು. 57ನೆಯ ಕಲಮಿನಂತೆ, ಹಕ್ಕು ಮಾರಿದ ಮೇಲೂ ಇದನ್ನು ಬರೆದವಳು ನಾನು ಎಂದು ಹೇಳಿಕೊಳ್ಳುವ ಅಧಿಕಾರ ಲೇಖಕಿಗೆ ಉಳಿಯುತ್ತದೆ. “ಹುಡುಗಿಗೆ ಹೇಳಿ, ಸಹಿಗೆ ಅವಸರ ಬೇಡ” ಎಂದರು. ಫೀಸು ತೆಗೆದುಕೊಳ್ಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಕುಳಿತು ಕಂಪನಿಗೆ ಪ್ರಶ್ನೆಗಳನ್ನು ಬರೆದೆವು. ಕಾಲಾವಧಿಯನ್ನು ಐದು ವರ್ಷಕ್ಕೆ ಇಳಿಸಬಹುದೇ, ಕೇಳುಗರು ಹೆಚ್ಚಿದರೆ ರಾಯಧನ ಎಷ್ಟು, ವಾಟ್‌ಪ್ಯಾಡ್‌ನಲ್ಲಿರುವ ಮೂಲ ಕತೆ ಜಿನ್ ಹೆಸರಿನಲ್ಲಿಯೇ ಹಣವಿಲ್ಲದೆ ಉಳಿಯಬಹುದೇ ಎಂಬವು ನನ್ನವು. ಅವಳು ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕುಳಿತಿದ್ದು, “ಆ ಸಕಲೇಶಪುರದ ಹುಡುಗಿ ಹೆಸರು ಎಲ್ಲಿ ಬರೀಬೇಕು ಚಿಕ್ಕಪ್ಪ? ಹೂವಿನ ಕಂತು ಅವಳದೇ ತಾನೆ” ಎಂದಳು. ನಾನು ಕರಾರುಪತ್ರದ ಪುಟಗಳನ್ನು ಮತ್ತೊಮ್ಮೆ ಮೊದಲಿನಿಂದ ತಿರುವಿದೆ. ಲೇಖಕಿಯ ಹೆಸರಿಗೆ ಒಂದು ಗೆರೆ, ಕಂಪನಿಯ ಪರವಾಗಿ ಸಹಿ ಹಾಕುವವರಿಗೆ ಒಂದು ಗೆರೆ, ಇಬ್ಬರು ಸಾಕ್ಷಿಗಳಿಗೆ ಎರಡು ಗೆರೆ ಇದ್ದವು.

ಅದನ್ನು ನಾಲ್ಕನೆಯ ಪ್ರಶ್ನೆಯಾಗಿ ಸೇರಿಸಿ ಕಳುಹಿಸಿದೆವು. ಎರಡು ತಿಂಗಳಾಯಿತು, ಉತ್ತರ ಬಂದಿಲ್ಲ. ಜೀವನ್ ಇರುವ ಪ್ರತಿ ಅವಳ ಕಂಪ್ಯೂಟರಿನಲ್ಲಿ ಹಾಗೆಯೇ ಇದೆ. ಕೈಮರದಲ್ಲಿ ಜೀಪಿನ ಇಂಜೀವನ್ ಇನ್ನೂ ರಿಪೇರಿಯಾಗಿಲ್ಲ.